ಹನ್ನೊಂದು ಕತ್ತಿ, ಒಂದು ಹಡಪ

ಕೋಪರಿಯಲ್ಲಿ ಜೂನ್ ಬಂತೆಂದರೆ ಅಕ್ಕಪಕ್ಕದವರಿಗೆ ಬಾಲ್ಕನಿಗೆ ನೀಲಿ ಪ್ಲಾಸ್ಟಿಕ್ ಕಟ್ಟುವ ಚಿಂತೆ, ನನಗೆ ತುಕ್ಕಿನ ಚಿಂತೆ. ಠಾಣೆ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಸ್ವಲ್ಪ ನಡೆದರೆ ನಮ್ಮ ಬಡಾವಣೆ. ಅದರಾಚೆ ಖಾಡಿ, ಅಂದರೆ ಊರೊಳಗೆ ಚಾಚಿಕೊಂಡ ಸಮುದ್ರದ ತೋಳು. ಒಂದು ಕಾಲಕ್ಕೆ ಈ ಕಡೆಯೆಲ್ಲ ಉಪ್ಪಿನ ಗದ್ದೆಗಳಿದ್ದವು. ಈಗ ಕಟ್ಟಡಗಳಿವೆ, ಆದರೆ ಗಾಳಿಯಲ್ಲಿ ಉಪ್ಪು ಹಾಗೇ ಉಳಿದಿದೆ. ಮಳೆಗಾಲದಲ್ಲಿ ಗೇಟಿನ ಚಿಲಕ, ಸೈಕಲ್ಲಿನ ಚೈನು, ಅಡುಗೆಮನೆಯ ಈಳಿಗೆ ಎಲ್ಲಕ್ಕೂ ಎರಡೇ ದಿನದಲ್ಲಿ ಕಂದು ಬಣ್ಣ. ಅಂಥ ಊರಿನ ಮೂರನೇ ಮಹಡಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ನಾನು ಕಬ್ಬಿಣದ ಹವ್ಯಾಸ ಇಟ್ಟುಕೊಂಡಿದ್ದೇನೆ. ಜಪಾನಿನ ಹಳೆಯ ಕ್ಷೌರದ ಕತ್ತಿಗಳನ್ನು ಕೂಡಿಸುತ್ತೇನೆ. ಸದ್ಯಕ್ಕೆ ಹನ್ನೊಂದು ಇವೆ.

ಭಾನುವಾರ ಬೆಳಿಗ್ಗೆ ಹೆಂಡತಿ ತರಕಾರಿಗೆ ಹೋದಾಗ ಹಾಲ್‌ನ ನೆಲದ ಮೇಲೆ ಹಳೇ ಪಂಚೆ ಹಾಸಿ ಒಂದೊಂದನ್ನೇ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಶೂ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಜಿನ ಕಪಾಟಿನಲ್ಲಿ ಮತ್ತೆ ಇಡುತ್ತೇನೆ. ಪ್ರತಿಯೊಂದರ ಕೆಳಗೂ ಒಂದು ಚೀಟಿ: ಯಾವ ಊರಿನದು, ಯಾವ ಉಕ್ಕು, ಯಾವ ಕಾಲದ್ದು ಇರಬಹುದು. ಐರೋಲಿಯ ಆಫೀಸಿನಿಂದ ಸಹೋದ್ಯೋಗಿಗಳು ಊಟಕ್ಕೆ ಬಂದರೆ ಮೊದಲು ಕಣ್ಣು ಬೀಳುವುದು ಅಲ್ಲಿಗೇ. ಬೆಂಗಳೂರಿನ ಒಬ್ಬ ಗೆಳೆಯ ಒಂದನ್ನು ಕೈಗೆತ್ತಿಕೊಂಡು, ‘ಸಮುರಾಯ್ ಫೀಲ್ ಇದೆ ಗುರೂ. ಹೇಗೆ ಬಂತು ಈ ಹುಚ್ಚು?’ ಎಂದ. ‘ಯೂಟ್ಯೂಬ್ ನೋಡಿ’ ಎಂದೆ. ಅದು ಸುಳ್ಳು. ಆ ಸುಳ್ಳನ್ನು ಏಳು ವರ್ಷಗಳಿಂದ ಹೇಳುತ್ತಿದ್ದೇನೆ.

ನಿಜ ಹೇಳುವ ಮೊದಲು ಈ ಕತ್ತಿಗಳ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ಅವು ನಿಜಕ್ಕೂ ಚೆಂದ.

ಜಪಾನಿನಲ್ಲಿ ಇದಕ್ಕೆ ಕಮಿಸೋರಿ ಎನ್ನುತ್ತಾರೆ. ನಮ್ಮ ಕಡೆಯ ಕ್ಷೌರದ ಕತ್ತಿ ಹಿಡಿಕೆಯೊಳಗೆ ಮಡಚಿಕೊಳ್ಳುತ್ತದಲ್ಲ, ಇದು ಮಡಚುವುದಿಲ್ಲ. ಒಂದೇ ತುಂಡು, ಅಂಗೈಯಗಲದ ಪುಟ್ಟ ಅಲಗು, ಹಿಂದೆ ಉದ್ದ ಬಾಲ. ಬಾಲಕ್ಕೆ ಕೆಲವರು ಸೀಳಿದ ಬೆತ್ತ ಸುತ್ತುತ್ತಾರೆ, ಒದ್ದೆ ಕೈ ಜಾರದಿರಲಿ ಎಂದು. ಅಲಗಿನ ಎರಡು ಬದಿಗಳು ಒಂದೇ ತರ ಇರುವುದಿಲ್ಲ. ಒಂದು ಬದಿ ಹೆಚ್ಚು ಚಪ್ಪಟೆ, ಇನ್ನೊಂದು ಒಳಕ್ಕೆ ತೋಡಿದ ಹಾಗೆ. ಮಸೆಯುವಾಗಲೂ ಒಂದು ಬದಿಗೆ ಹೆಚ್ಚು ಎಳೆತ, ಇನ್ನೊಂದಕ್ಕೆ ಕಡಿಮೆ. ಮೊದಮೊದಲು ನನಗೆ ಇದು ತಯಾರಿಕೆಯ ದೋಷ ಅನ್ನಿಸಿತ್ತು!

ಅಲಗು ಪೂರ್ತಿ ಗಟ್ಟಿ ಉಕ್ಕಿನದಲ್ಲ. ಅಂಚಿಗೆ ಮಾತ್ರ ಶೇಕಡಾ 1ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚು ಇಂಗಾಲವಿರುವ ಗಡಸು ಉಕ್ಕು, ಬೆನ್ನಿಗೆ ಮೆತ್ತನೆಯ ಕಬ್ಬಿಣ. ಎರಡನ್ನೂ ಕುಲುಮೆಯಲ್ಲಿ ಕಾಸಿ ಬಡಿದು ಒಂದಾಗಿಸುತ್ತಾರೆ. ಪೂರ್ತಿ ಗಡಸಾದರೆ ಮಸೆಯುವವನ ತೋಳು ಬೀಳುತ್ತದೆ, ಪೂರ್ತಿ ಮೆತ್ತಗಾದರೆ ಧಾರೆ ನಿಲ್ಲುವುದಿಲ್ಲ. ಆ ಮೆತ್ತನೆಯ ಕಬ್ಬಿಣಕ್ಕೆ ಹಳೇ ಹಡಗಿನ ಲಂಗರು, ಸರಪಳಿಗಳನ್ನು ಹುಡುಕಿ ತರುತ್ತಿದ್ದ ಕಮ್ಮಾರರಿದ್ದರು. ಗಡಸು ಉಕ್ಕಿನ ವಿಷಯದಲ್ಲಿ ಅತ್ಯಂತ ಗೌರವ ತಮಹಗಾನೆಗೆ. ಕಬ್ಬಿಣದ ಮರಳನ್ನು ಇದ್ದಿಲಿನ ಜೊತೆ ಜೇಡಿಮಣ್ಣಿನ ಕುಲುಮೆಯಲ್ಲಿ ಕರಗಿಸಿ ತೆಗೆಯುವ, ಖಡ್ಗಕ್ಕೆ ಬಳಸುವ ಉಕ್ಕು ಅದು. ಆ ಪದ್ಧತಿ ನಿಂತುಹೋಗಿತ್ತು. 1977ರಲ್ಲಿ ಶಿಮಾನೆ ಪ್ರಾಂತ್ಯದ ಒಕುಇಝುಮೊದಲ್ಲಿ ಅದನ್ನು ಮತ್ತೆ ಶುರು ಮಾಡಿದರು. ನನ್ನ ಹನ್ನೊಂದರಲ್ಲಿ ತಮಹಗಾನೆಯದು ಒಂದೂ ಇಲ್ಲ. ನನ್ನ ಸಂಬಳಕ್ಕೆ ಅದು ಆಗುವ ಮಾತಲ್ಲ. ನನ್ನವು ಸ್ವೀಡನ್ನಿನಿಂದ ತರಿಸಿದ ಉಕ್ಕಿನವು, ಒಂದೆರಡು ಯಾವುದೆಂದು ಗೊತ್ತಾಗದವು.

ಈ ಕತ್ತಿಗೂ ಖಡ್ಗಕ್ಕೂ ನಂಟಿದೆ ಎನ್ನುವುದು ಪೂರ್ತಿ ಸುಳ್ಳಲ್ಲ. 1876ರಲ್ಲಿ ಮೇಜಿ ಸರಕಾರ ಸಮುರಾಯ್‌ಗಳು ಖಡ್ಗ ಧರಿಸಿ ತಿರುಗುವುದನ್ನು ನಿಷೇಧಿಸಿದಾಗ ಖಡ್ಗದ ಕಮ್ಮಾರರಿಗೆ ಕೆಲಸ ಇಲ್ಲದಾಯಿತು. ಅನೇಕರು ಅಡುಗೆಯ ಚಾಕು, ಉಳಿ, ಕತ್ತರಿ, ಕ್ಷೌರದ ಕತ್ತಿಗಳಿಗೆ ತಿರುಗಿದರು. ಅದಕ್ಕೆ ಐದು ವರ್ಷ ಮೊದಲು, 1871ರಲ್ಲಿ, ಗಂಡಸರು ಜುಟ್ಟು ತೆಗೆದು ಪಾಶ್ಚಾತ್ಯರಂತೆ ಕೂದಲು ಬಿಡಬಹುದು ಎಂಬ ಆದೇಶ ಬಂದಿತ್ತು. ಅಲ್ಲಿಯವರೆಗೆ ನೆತ್ತಿಯ ಮುಂಭಾಗ ನುಣ್ಣಗೆ ಬೋಳಿಸಿ ಹಿಂದೆ ಜುಟ್ಟು ಕಟ್ಟುವುದು ರೂಢಿ. ಹಾಗೆ ನುಣ್ಣಗೆ ಇಟ್ಟುಕೊಳ್ಳಲು ಮತ್ತೆ ಮತ್ತೆ ಕ್ಷೌರದ ಅಂಗಡಿಗೆ ಹೋಗಲೇಬೇಕು. ಅಂಗಡಿ ಎಂದಮೇಲೆ ಹರಟೆ ಇರಲೇಬೇಕು. ಶಿಕಿತೇಯಿ ಸಾನ್ಬಾ ಎಂಬ ಲೇಖಕ ಅಂಥ ಒಂದು ಅಂಗಡಿಯ ಹರಟೆಯನ್ನೇ ಇಟ್ಟುಕೊಂಡು 1813ರಲ್ಲಿ ‘ಉಕಿಯೊದೊಕೊ’ ಎಂಬ ನಗೆಪುಸ್ತಕ ತಂದ. ನಮ್ಮ ಕಡೆ ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಪೇಪರು ಓದುತ್ತ ಇಡೀ ರಾಜ್ಯದ ರಾಜಕಾರಣ ತೀರ್ಮಾನಿಸುವವರನ್ನು ನೋಡಿದವರಿಗೆ ಅದು ಎಂಥ ಪುಸ್ತಕ ಎಂದು ಬಿಡಿಸಿ ಹೇಳಬೇಕಿಲ್ಲ.

ನನಗೆ ಇಷ್ಟವಾದ ಹೆಸರು ಇವಾಸಾಕಿ ಕೋಸುಕೆ ಅವರದು. ನೀಗಾತಾ ಪ್ರಾಂತ್ಯದ ಸಾಂಜೊ ಊರಿನವರು. ಟೋಕಿಯೊದ ವಿಶ್ವವಿದ್ಯಾಲಯದಲ್ಲಿ ಖಡ್ಗದ ಉಕ್ಕಿನ ಲೋಹಶಾಸ್ತ್ರ ಅಭ್ಯಾಸ ಮಾಡಿ, ಊರಿಗೆ ಮರಳಿ ಕುಲುಮೆಯ ಮುಂದೆ ಕೂತವರು. ಅವರ ಮಗ ಶಿಗೆಯೋಶಿ ಅದನ್ನೇ ಮುಂದುವರಿಸಿದರು. ಇಬ್ಬರ ಹೆಸರನ್ನೂ ಜಗತ್ತಿನ ಕತ್ತಿಪ್ರಿಯರು ಭಕ್ತಿಯಿಂದ ಹೇಳುತ್ತಾರೆ. ಓದಿದ ಮನುಷ್ಯ ಕ್ಷೌರದ ಕತ್ತಿ ಮಾಡಲು ಕೂತರೆ ಅಲ್ಲಿ ಅವನ ಓದು ವ್ಯರ್ಥವಾಯಿತು ಎಂದು ಯಾರೂ ಹೇಳಲಿಲ್ಲ. ಈ ವಾಕ್ಯ ಮೊದಲ ಬಾರಿ ನನ್ನ ತಲೆಗೆ ಬಂದಾಗ ನಾನು ಠಾಣೆ–ವಾಶಿ ಲೋಕಲ್‌ನಲ್ಲಿ ನಿಂತಿದ್ದೆ. ಇಳಿಯಬೇಕಾದ ಸ್ಟೇಷನ್ನು ದಾಟಿಹೋಯಿತು.

ನಾನು ಹಡಪದ ಮನೆತನದವನು. ಗದಗ ಜಿಲ್ಲೆ, ರೋಣ ತಾಲ್ಲೂಕು. ನನ್ನಜ್ಜ ಊರಿನ ಕ್ಷೌರಿಕ.

ಹಡಪ ಎಂದರೆ ಎಲೆ–ಅಡಿಕೆಯ ಚೀಲ. ಬಸವಣ್ಣನವರ ಹಡಪ ಹಿಡಿದಿದ್ದರಿಂದ ಅಪ್ಪಣ್ಣನವರು ಹಡಪದ ಅಪ್ಪಣ್ಣ ಆದರು. ಅವರೂ ವಚನ ಬರೆದರು, ಅವರ ಹೆಂಡತಿ ಲಿಂಗಮ್ಮನೂ ಬರೆದರು. ನಮ್ಮ ಮನೆಯಲ್ಲಿ ಮಾತ್ರ ಹಡಪ ಎಂದರೆ ಅಜ್ಜನ ಕೆಲಸದ ಚೀಲ. ಎರಡು ಕತ್ತಿ, ಒಂದು ಕತ್ತರಿ, ಹಿತ್ತಾಳೆಯ ಪುಟ್ಟ ಬಟ್ಟಲು, ಉಗುರು ತೆಗೆಯುವ ಉಳಿ, ಪಟಿಕದ ಹರಳು, ಅಂಚು ಒಡೆದ ಕನ್ನಡಿ, ಚರ್ಮದ ಪಟ್ಟಿ, ಒಂದು ಮಸೆಗಲ್ಲು. ಅಜ್ಜನಿಗೆ ಅಂಗಡಿ ಇರಲಿಲ್ಲ. ಬೇವಿನ ಮರದ ಕಟ್ಟೆ, ಇಲ್ಲವೇ ಗೌಡರ ಮನೆಯ ದನದ ಕೊಟ್ಟಿಗೆಯ ಮುಂದೆ. ಹಣ ಕೊಡುವ ಪದ್ಧತಿ ಇರಲಿಲ್ಲ, ಆಯ ಇತ್ತು. ಗಂಡಾಳಿಗೆ ವರ್ಷಕ್ಕೆ ಎಂಟು ಸೇರು ಜೋಳ. ರಾಶಿಯ ದಿನ ಕಣದ ಅಂಚಿಗೆ ಚೀಲ ಹಿಡಿದು ನಿಲ್ಲಬೇಕು. ಮದುವೆಯಲ್ಲಿ ಮದುಮಗನ ಕ್ಷೌರಕ್ಕೆ ಅಜ್ಜನೇ ಬೇಕು, ಸಾವಿನ ಮನೆಯಲ್ಲಿ ತಲೆ ಬೋಳಿಸಲೂ ಅಜ್ಜನೇ ಬೇಕು. ಬೆಳಿಗ್ಗೆ ಊರು ದಾಟಿ ಹೊರಟವರಿಗೆ ಮಾತ್ರ ಅಜ್ಜ ಎದುರಿಗೆ ಬರಬಾರದು.

ಅಜ್ಜನ ಕತ್ತಿಯನ್ನು ನಾನು ಬರೀ ಕರುಣೆಯಿಂದ ನೋಡಲಾರೆ. ಅದು ಊರಿನ ಎಲ್ಲ ಗಲ್ಲಗಳನ್ನೂ ಮುಟ್ಟಲಿಲ್ಲ. ದಲಿತರ ಕೇರಿಗೆ ಅಜ್ಜ ಹೋಗಲಿಲ್ಲ, ಕೇರಿಯವರು ಕಟ್ಟೆಗೆ ಬರುವಂತಿರಲಿಲ್ಲ. ‘ಊರವರು ಬಿಡುತ್ತಿರಲಿಲ್ಲ’ ಎಂದು ಅಪ್ಪ ಹೇಳುತ್ತಾರೆ. ಊರವರು ಬಿಟ್ಟಿದ್ದರೆ ಅಜ್ಜ ಹೋಗುತ್ತಿದ್ದರೇ ಎಂದು ಕೇಳಿದರೆ ಅಪ್ಪ ಮಾತು ಬದಲಿಸುತ್ತಾರೆ. ಇವತ್ತಿಗೂ ಕರ್ನಾಟಕದ ಯಾವುದೋ ಹಳ್ಳಿಯ ಸಲೂನಿನಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಪೇಪರಿನಲ್ಲಿ ಬಂದಾಗ ನಾನು ಮೊದಲು ನೋಡುವುದು ಯಾವ ತಾಲ್ಲೂಕು ಎಂದು.

ಅಪ್ಪ ಹದಿನೇಳನೇ ವಯಸ್ಸಿನವರೆಗೆ ಅಜ್ಜನ ಜೊತೆ ಹಡಪ ಹಿಡಿದು ತಿರುಗಿದವರು. ಆಮೇಲೆ ಟಿ.ಸಿ.ಎಚ್. ಮಾಡಿ ಪ್ರಾಥಮಿಕ ಶಾಲೆಯ ಮಾಸ್ತರರಾದರು. ಮೊದಲ ಸಂಬಳದ ದಿನ ಅಜ್ಜನಿಗೆ ಹೇಳಿದರಂತೆ, ಇನ್ನು ಕಟ್ಟೆಗೆ ಹೋಗಬೇಡ ಎಂದು. ಅಜ್ಜ ಇನ್ನೂ ಕೆಲವು ವರ್ಷ ಕದ್ದು ಹೋಗುತ್ತಿದ್ದರು. ನನ್ನ ಬಾಲ್ಯದಲ್ಲಿ ಹಡಪ ಅಟ್ಟದ ಮೇಲಿತ್ತು. ಅದನ್ನು ಇಳಿಸುವುದಿರಲಿ, ಅದರ ಮಾತೆತ್ತಿದರೂ ಅಪ್ಪನ ಮುಖ ಬಿಗಿಯುತ್ತಿತ್ತು.

ಎಂ.ಟೆಕ್ ಮಾಡುವಾಗ ಹಾಸ್ಟೆಲ್‌ನಲ್ಲಿ ಗೆಳೆಯನೊಬ್ಬ ಕೂದಲು ಕೆಟ್ಟದಾಗಿ ಕತ್ತರಿಸಿಕೊಂಡು ಬಂದ. ಇನ್ನೊಬ್ಬ ಆ ಕ್ಷೌರಿಕನನ್ನು ಬೈಯಲು ಒಂದು ಪದ ಬಳಸಿದ. ಇಲ್ಲಿ ಅದನ್ನು ಬರೆಯುವುದಿಲ್ಲ, ನಿಮಗೆಲ್ಲ ಗೊತ್ತಿರುವ ಪದವೇ. ಕೆಲಸ ಕೆಟ್ಟರೆ ಬೈಯಲು, ದಡ್ಡತನಕ್ಕೆ ಬೈಯಲು, ಸುಮ್ಮನೆ ಸಲುಗೆಗೆ ಬೈಯಲು ಕನ್ನಡದಲ್ಲಿ ಅದೇ ಪದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ನನಗೆ ಕೇಳಿಸುತ್ತದೆ.

ಕೋಪರಿಗೆ ಬಂದ ಮೇಲೆ ಒಂದು ದಿನ ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇ ಗ್ರಾಮೊಫೋನುಗಳ ನಡುವೆ ಜರ್ಮನಿಯ ಸೋಲಿಂಗೆನ್ ಊರಿನ ಮಡಚುವ ಕತ್ತಿಯೊಂದು ಕಂಡಿತು. ಅಜ್ಜನದೂ ಅಂಥದ್ದೇ. ಕೈಗೆ ತೆಗೆದುಕೊಂಡೆ, ಬೆಲೆ ಕೇಳಿದೆ, ವಾಪಸ್ ಇಟ್ಟೆ. ಕೊಳ್ಳಲು ಆಗಲಿಲ್ಲ. ಮನೆಗೆ ಬಂದು ಕತ್ತಿಗಳ ಬಗ್ಗೆ ಓದುತ್ತ ಓದುತ್ತ ಜಪಾನಿಗೆ ಹೋದೆ. ಮೂರು ತಿಂಗಳ ನಂತರ ಮೊದಲ ಕಮಿಸೋರಿ ಬಂತು. ಆರೂವರೆ ಸಾವಿರ ರೂಪಾಯಿ, ಮೇಲೆ ಕಸ್ಟಮ್ಸ್ ಸುಂಕ. ಜರ್ಮನ್ ಕತ್ತಿ ಅಜ್ಜನ ಹಾಗಿತ್ತು, ಇದು ಯಾರ ಹಾಗೂ ಇರಲಿಲ್ಲ. ಹಾಗಾಗಿ ಕೊಳ್ಳಲು ಸಲೀಸಾಯಿತು.

ಆದರೆ ಓದುತ್ತ ಹೋದಂತೆ ಈ ಕತ್ತಿ ನನ್ನನ್ನು ಮತ್ತೆ ಇತ್ತಲೇ ಕರೆತಂದಿತು. ಜಪಾನಿಗೆ ಕ್ಷೌರದ ಕತ್ತಿ ಬಂದದ್ದು 6ನೇ ಶತಮಾನದ ಹೊತ್ತಿಗೆ, ಚೀನಾ ಮತ್ತು ಕೊರಿಯಾ ದಾಟಿ ಬಂದ ಬೌದ್ಧಧರ್ಮದ ಜೊತೆ ಎನ್ನುತ್ತಾರೆ. ಭಿಕ್ಷುಗಳು ತಲೆ ಬೋಳಿಸಿಕೊಳ್ಳಬೇಕಲ್ಲ. ಭಿಕ್ಷು ತನ್ನದೆಂದು ಇಟ್ಟುಕೊಳ್ಳಬಹುದಾದ ಎಂಟು ವಸ್ತುಗಳ ಪಟ್ಟಿಯಲ್ಲಿ ಚೀವರ, ಭಿಕ್ಷಾಪಾತ್ರೆ, ಸೂಜಿಗಳ ಜೊತೆ ಕ್ಷೌರದ ಕತ್ತಿಯೂ ಇದೆ. ಬುದ್ಧನ ಶಿಷ್ಯರಲ್ಲಿ ಉಪಾಲಿ ಎಂಬವನು ಶಾಕ್ಯರ ಮನೆಯ ಕ್ಷೌರಿಕ. ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ, ತಮ್ಮ ಅಹಂಕಾರ ಇಳಿಯಲಿ ಎಂದು ಉಪಾಲಿಗೇ ಮೊದಲು ದೀಕ್ಷೆ ಕೊಡಿ ಎಂದು ಕೇಳಿದರಂತೆ. ಮೊದಲು ದೀಕ್ಷೆ ಪಡೆದವನಿಗೆ ಆಮೇಲೆ ಬಂದವರು ನಮಸ್ಕರಿಸಬೇಕು. ಹೀಗೆ ನಿನ್ನೆಯವರೆಗೆ ತಮ್ಮ ತಲೆಗೂದಲು ತೆಗೆಯುತ್ತಿದ್ದವನಿಗೆ ರಾಜಕುಮಾರರು ತಲೆಬಾಗಿದರು. ಬುದ್ಧನ ನಂತರ ರಾಜಗೃಹದಲ್ಲಿ ಸೇರಿದ ಮೊದಲ ಸಂಗೀತಿಯಲ್ಲಿ ಸಂಘದ ನಿಯಮಗಳನ್ನೆಲ್ಲ, ಅಂದರೆ ವಿನಯವನ್ನು, ನೆನಪಿನಿಂದ ಹೇಳಿದವನು ಅದೇ ಉಪಾಲಿ. ಈ ಕಥೆ ನನಗೆ ಯಾರೂ ಮನೆಯಲ್ಲಿ ಹೇಳಿರಲಿಲ್ಲ. ಜಪಾನಿನ ಕತ್ತಿಯ ಬೆನ್ನು ಹತ್ತಿ ಹೋದಾಗ ಸಿಕ್ಕಿತು.

ಇನ್ನೊಂದು ಕಥೆ ಮನೆ ಬಾಗಿಲಲ್ಲೇ ಇತ್ತು. 1890ರಲ್ಲಿ ಮುಂಬಯಿಯ ನೂರಾರು ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸವನ್ನು ಇನ್ನು ಮಾಡುವುದಿಲ್ಲ ಎಂದು ತೀರ್ಮಾನಿಸಿದರು. ಅದರ ಹಿಂದೆ ನಿಂತವರು ನಾರಾಯಣ ಮೇಘಾಜಿ ಲೋಖಂಡೆ, ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದವರು. ಗಿರಣಿ ಕಾರ್ಮಿಕರ ಸಂಘ ಕಟ್ಟಿ, ಅದೇ ವರ್ಷ ಅವರಿಗೆ ಭಾನುವಾರದ ರಜೆ ಕೊಡಿಸಿದವರೂ ಇವರೇ. ಹುಟ್ಟಿದ್ದು ಇದೇ ಠಾಣೆಯಲ್ಲಿ. ನನ್ನ ಭಾನುವಾರದ ಎಣ್ಣೆ ಸವರುವ ಕೆಲಸಕ್ಕೂ ಅವರಿಗೂ ಹೀಗೊಂದು ಸಂಬಂಧ ಇದೆ.

ನನ್ನಜ್ಜನ ಕಾಲಕ್ಕೂ ನಮ್ಮ ಕಡೆ ಆ ಕೆಲಸ ನಿಂತಿರಲಿಲ್ಲ. ‘ಫಣಿಯಮ್ಮ’ ಓದಿದವರಿಗೆ, ‘ಘಟಶ್ರಾದ್ಧ’ದ ಕೊನೆಯ ದೃಶ್ಯ ನೋಡಿದವರಿಗೆ ಆ ತಲೆ ನೆನಪಿದೆ. ಕತ್ತಿ ಹಿಡಿದ ಕೈ ಯಾರಿಗೂ ನೆನಪಿರುವುದಿಲ್ಲ. ಅಜ್ಜಿ ಹೇಳುತ್ತಿದ್ದರು: ಹದಿನಾರು ವರ್ಷದ ಹುಡುಗಿಯೊಬ್ಬಳ ತಲೆ ತೆಗೆದು ಬಂದ ದಿನ ಅಜ್ಜ ಊಟ ಮಾಡಲಿಲ್ಲವಂತೆ. ಮರುದಿನ ಮಾಡಿದರಂತೆ. ಮುಂದಿನ ಸಲ ಕರೆದಾಗ ಹೋದರಂತೆ. ಮುಂಬಯಿಯಲ್ಲಿ ಸಂಘ ಇತ್ತು, ನಮ್ಮೂರಿನಲ್ಲಿ ಅಜ್ಜ ಒಬ್ಬರೇ ಇದ್ದರು, ಮತ್ತು ಕಣದಲ್ಲಿ ಜೋಳ ಇತ್ತು.

ಕೋಪರಿಯಲ್ಲಿ ನಾನು ಕೂದಲು ಕತ್ತರಿಸಿಕೊಳ್ಳುವುದು ಅಕ್ಕಲಕೋಟೆ ತಾಲ್ಲೂಕಿನಿಂದ ಬಂದ ಒಬ್ಬ ಹಿರಿಯರ ಅಂಗಡಿಯಲ್ಲಿ. ಮನೆಮಾತು ಕನ್ನಡ. ಗಿರಾಕಿಗಳ ಜೊತೆ ಮರಾಠಿ, ಹಿಂದಿ, ಸಿಂಧಿ ಸೇಠ್‌ಗಳ ಜೊತೆ ನಾಲ್ಕು ಮಾತು ಸಿಂಧಿ. ಮೊದಲ ದಿನ ಫೋನಿನಲ್ಲಿ ನಾನು ಅವ್ವನ ಜೊತೆ ಮಾತಾಡಿದ್ದು ಕೇಳಿ, ‘ನಮ್ಮ ಕಡೆಯವರೇ ಇದ್ದೀರಲ್ರೀ’ ಎಂದಿದ್ದರು. ನಾನು ಊರು ಹೇಳಿದೆ, ಮನೆತನ ಹೇಳಲಿಲ್ಲ. ಕಾಕಾ ಎಂದು ಕರೆಯುತ್ತೇನೆ.

ಒಮ್ಮೆ ಗಿರಾಕಿ ಇಲ್ಲದ ಮಧ್ಯಾಹ್ನ ಒಂದು ಕಮಿಸೋರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಕಾಕಾ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು, ಹೆಬ್ಬೆರಳಿನಿಂದ ಅಡ್ಡಕ್ಕೆ ಸವರಿದರು. ‘ಇದರ ಎರಡೂ ಮಗ್ಗಲ ಒಂದೇ ಇಲ್ಲ ನೋಡ್ರಿ’ ಎಂದರು. ನಾನು ಮೂರು ತಿಂಗಳು ಓದಿ ತಿಳಿದದ್ದು, ಅವರಿಗೆ ಹತ್ತು ಸೆಕೆಂಡು. ‘ಧಾರಿ ಸತ್ತದ. ಮಸದಿಲ್ಲೇನ್ರೀ ನೀವು?’

ಮಸೆದಿದ್ದೆ. ವಿಡಿಯೊ ನೋಡಿ, ದುಬಾರಿ ಕಲ್ಲಿನ ಮೇಲೆ ಮಸೆದಿದ್ದೆ. ಕ್ಯೋಟೊ ಸುತ್ತಲಿನ ಗಣಿಗಳ ನೈಸರ್ಗಿಕ ಕಲ್ಲು ಬೇಕೆಂದು ಪಂಡಿತರು ಹೇಳುತ್ತಾರೆ. ಆ ಗಣಿಗಳು ಬಹುತೇಕ ಮುಚ್ಚಿವೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನನ್ನದು ಕಾರ್ಖಾನೆಯ ಕಲ್ಲು. ಒಂದು ಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಒಳ್ಳೆಯ ಕತ್ತಿಯ ಅಂಚು ಒಂದು ಮೈಕ್ರಾನ್‌ಗಿಂತ ತೆಳು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು, ಆದರೂ ಕತ್ತಿ ಮೊಂಡಾಗುತ್ತದೆ. ಹೇಗೆ ಎನ್ನುವುದನ್ನು ಅಮೆರಿಕದ ಎಂ.ಐ.ಟಿ. ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದರು. ಕೂದಲು ಬಾಗಿದಾಗ ಅಂಚಿನ ದುರ್ಬಲ ಜಾಗದಲ್ಲಿ ಉಕ್ಕು ಚಕ್ಕೆಯಾಗಿ ಏಳುತ್ತದೆ. ಇದನ್ನು ಕಾಕಾಗೆ ಹೇಳಿದೆ. ‘ಅದಕ್ಕ ಗಡ್ಡ ಮೊದಲ ನೆನಸೋದು’ ಎಂದರು, ಇದರಲ್ಲೇನು ದೊಡ್ಡ ಸಂಶೋಧನೆ ಎನ್ನುವ ಹಾಗೆ.

ಅದರಿಂದ ನನಗೊಮ್ಮೆ ಗಡ್ಡ ತೆಗೆಯಿರಿ ಎಂದು ಕೇಳಿದೆ. ಆಗುವುದಿಲ್ಲ ಎಂದರು. ಅಂಗಡಿಯಲ್ಲಿ ಈಗ ಅರ್ಧ ಬ್ಲೇಡು. ಕಾಗದದ ಸಮೇತ ಬ್ಲೇಡನ್ನು ಲಟಕ್ ಎಂದು ಎರಡು ಮಾಡಿ ಹಿಡಿಕೆಗೆ ಸಿಕ್ಕಿಸಿ, ಗಿರಾಕಿಯ ಕಣ್ಣ ಮುಂದೆಯೇ ಹೊಸದು ಎಂದು ತೋರಿಸಬೇಕು. 1990ರ ದಶಕದಲ್ಲಿ ಏಡ್ಸ್ ಭಯ ಬಂದಾಗ ಕಾಕಾ ತಮ್ಮ ಮಡಚುವ ಕತ್ತಿಗಳನ್ನು ಕೈಬಿಟ್ಟರು. ಜಪಾನಿನಲ್ಲೂ ಅಂಗಡಿಗಳು ಬದಲಾಯಿಸುವ ಬ್ಲೇಡಿಗೆ ಹೋಗಿವೆ. 1932ರಲ್ಲಿ ಸೆಕಿ ಊರಿನಲ್ಲಿ ಶುರುವಾದ ಫೆದರ್ ಕಂಪನಿಯ ಬ್ಲೇಡು ಅಲ್ಲಿನ ಕ್ಷೌರಿಕರ ಕೈಯಲ್ಲಿರುತ್ತದೆ. ಒಂದು ವ್ಯತ್ಯಾಸ ಉಂಟು. ಅಲ್ಲಿ ಗಿರಾಕಿಯ ಮುಖಕ್ಕೆ ಕತ್ತಿ ಇಡಲು ಓದಿ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದಿರಬೇಕು. ಇದನ್ನೂ ಕಾಕಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್ಟಿಫಿಕೇಟ್ ಗೋಡಿಗಿ ಹಾಕ್ತಾರೇನು?’ ಎಂದು ಕೇಳಿದರು. ಹಾಕುತ್ತಾರೋ ಏನೋ, ಹಾಕುತ್ತಾರೆ ಎಂದುಬಿಟ್ಟೆ.

ಕಳೆದ ವರ್ಷ ಅಪ್ಪ ಕಣ್ಣಿನ ಪರೀಕ್ಷೆಗೆಂದು ಬಂದರು. ಗದಗ ಎಕ್ಸ್‌ಪ್ರೆಸ್ಸಿನಿಂದ ಕಲ್ಯಾಣದಲ್ಲಿ ಇಳಿಸಿಕೊಂಡು ಮನೆಗೆ ಕರೆತಂದೆ. ಕಪಾಟಿಗೆ ಬಟ್ಟೆ ಮುಚ್ಚಿಡೋಣ ಎಂದು ಹೆಂಡತಿ ಹೇಳಿದ್ದಳು. ನಾನೇ ಬೇಡ ಎಂದಿದ್ದೆ. ಚಹಾ ಕುಡಿಯುತ್ತ ಅಪ್ಪ ಎದ್ದು ಹೋಗಿ ಗಾಜಿನ ಮುಂದೆ ನಿಂತರು. ಚೀಟಿಗಳನ್ನು ಒಂದೊಂದಾಗಿ ಓದಿದರು, ಮಾಸ್ತರರಲ್ಲವೇ. ಕೊನೆಗೆ ತಿರುಗದೆಯೇ ಕೇಳಿದರು:

‘ಎಷ್ಟ ಕೊಟ್ಟಿ ಇವಕ್ಕ?’

ಹೇಳಿದೆ. ಒಟ್ಟು ಹೇಳಲಿಲ್ಲ, ಒಂದರದ್ದು ಹೇಳಿದೆ.

‘ಇಷ್ಟ ರೊಕ್ಕಕ್ಕ ನಿಮ್ಮಜ್ಜ ಎಷ್ಟ ಗಡ್ಡ ಹೆರೀಬೇಕಿತ್ತು ಗೊತ್ತೈತೇನ ನಿನಗ?’

ಉತ್ತರ ಹೊಳೆಯಲಿಲ್ಲ. ‘ನಾ ಬಿಟ್ಟದ್ದನ್ನ ನೀ ರೊಕ್ಕಾ ಕೊಟ್ಟು ತರ್ತಿ’ ಎಂದು ಕೂತುಬಿಟ್ಟರು. ರಾತ್ರಿ ಊಟದಲ್ಲೂ ಮಾತಿಲ್ಲ. ನನ್ನ ಎಂ.ಟೆಕ್ಕಿಗೆ ಅವರು ಸೊಸೈಟಿಯಲ್ಲಿ ಸಾಲ ಮಾಡಿದ್ದು, ಅಕ್ಕನ ಮದುವೆ ಒಂದು ವರ್ಷ ಮುಂದೂಡಿದ್ದು ಎಲ್ಲ ನನ್ನ ತಟ್ಟೆಯಲ್ಲಿ ಬಂದು ಕೂತ ಹಾಗಿತ್ತು.

ಮರುದಿನ ಬೆಳಿಗ್ಗೆ ನಾನೆದ್ದಾಗ ಕಪಾಟು ತೆರೆದಿತ್ತು. ಅಪ್ಪ ಬಾಲ್ಕನಿಯಲ್ಲಿ ಚಕ್ಕಳಬಕ್ಕಳ ಹಾಕಿ ಕೂತು ನನ್ನ ಕಲ್ಲನ್ನು ನೀರಿನಲ್ಲಿ ನೆನೆಸಿಟ್ಟಿದ್ದರು. ಒಂದು ಕಮಿಸೋರಿ ಅವರ ಬಲಗೈಯಲ್ಲಿ. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕತ್ತಿ ಹಿಡಿಯದ ಕೈ. ಎಳೆತಕ್ಕೊಂದು ಸಣ್ಣ ಸದ್ದು, ಸ್ಸ್, ಸ್ಸ್, ಎರಡಕ್ಕೂ ಒಂದೇ ತೂಕ. ನಾನು ಮಸೆದಾಗ ಆ ಸದ್ದು ಬಂದೇ ಇರಲಿಲ್ಲ. ಆಮೇಲೆ ಎಡ ಅಂಗೈಯ ಮೇಲೆ ಕತ್ತಿಯನ್ನು ಹಿಂದೆ ಮುಂದೆ ಸವರಿದರು. ಮುಂಗೈಯ ಬಿಳಿ ಕೂದಲಿನ ಮೇಲೆ ಇಟ್ಟರು. ಕೂದಲು ತಾವಾಗಿ ಉದುರಿದವು. ನನ್ನನ್ನು ನೋಡಿ, ಸಿಕ್ಕಿಬಿದ್ದವರಂತೆ, ‘ಕಲ್ಲ ಛಲೋ ಐತಿ’ ಎಂದರು.

ನಾಗರಪಂಚಮಿಗೆ ಊರಿಗೆ ಹೋದಾಗ ಅಪ್ಪ ಅಟ್ಟದಿಂದ ಹಡಪ ಇಳಿಸಿಟ್ಟಿದ್ದರು. ಎರಡು ಕತ್ತಿಗಳಲ್ಲಿ ಒಂದಕ್ಕೆ ಜಂಗು ಹಿಡಿದು ಅಲಗು ತಿಂದುಹೋಗಿತ್ತು. ಇನ್ನೊಂದರ ಮೇಲೆ ಹಳದಿ ಗಾಜಿನಂಥ ಪದರ. ಉಗುರಿನಿಂದ ಕೆರೆದರೆ ಒಳಗೆ ಉಕ್ಕು ಬೆಳ್ಳಗೆ. ಅಜ್ಜ ಅದಕ್ಕೆ ಕುಸುಬೆ ಎಣ್ಣೆ ಸವರಿದ್ದರು. ಕುಸುಬೆ ಗಾಳಿಗೆ ಒಣಗಿ ಗಟ್ಟಿ ಪದರವಾಗುವ ಜಾತಿಯ ಎಣ್ಣೆ, ವಾರ್ನಿಷ್‌ಗೆ ಬಳಸುವ ಅಗಸೆಯ ಹಾಗೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ ಮೇಲಾಗಿದೆ. ಪ್ರತಿ ವಾರ ಎಣ್ಣೆ ಸವರಿದರೂ ಕೋಪರಿಯಲ್ಲಿ ನನ್ನ ಕತ್ತಿಗಳಿಗೆ ಚುಕ್ಕೆ ಬೀಳುತ್ತದೆ. ಈಗ ಡಿಮಾರ್ಟಿನಲ್ಲಿ ಕುಸುಬೆ ಎಣ್ಣೆ ಹುಡುಕುತ್ತಿದ್ದೇನೆ. ಕಪಾಟಿನವಕ್ಕೆ ಅದು ಸರಿ, ದಿನಾ ಬಳಸುವ ಕತ್ತಿಗೆ ಬೇಡ, ಪದರ ಬಿಡಿಸುವುದೇ ಒಂದು ಕೆಲಸ.

ಹಡಪ ಕೊಡುವಾಗ ಅಪ್ಪ ಒಂದೇ ಮಾತು ಹೇಳಿದರು: ‘ಅದನ್ನ ಗಾಜಿನ್ಯಾಗ ಇಡಬ್ಯಾಡ.’

ಇಟ್ಟಿಲ್ಲ. ಅಜ್ಜನ ಕತ್ತಿಯನ್ನು ಕಾಕಾ ಹತ್ತಿರ ಒಯ್ದೆ. ಮನೆತನವನ್ನೂ ಅವತ್ತೇ ಹೇಳಿದೆ. ‘ಗೊತ್ತಿತ್ತು ತಮ್ಮಾ’ ಎಂದರು ಅವರು. ಮೊದಲ ಬಾರಿ ನನ್ನನ್ನು ತಮ್ಮಾ ಎಂದದ್ದು. ‘ಕತ್ತಿ ಹಿಡಿಯೂದರಾಗ ಗೊತ್ತಾಗ್ತದ.’ ಎರಡು ದಿನ ಇಟ್ಟುಕೊಂಡು ಅದನ್ನು ಮಸೆದು ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಅಲಗು ಮಸೆದು ಮಸೆದು ಅರ್ಧಕ್ಕೆ ಇಳಿದಿದೆ, ಸೋಲಿಂಗೆನ್ ಎಂಬ ಅಕ್ಷರಗಳಲ್ಲಿ ಕೊನೆಯ ಎರಡೇ ಕಾಣುತ್ತವೆ. ‘ಇದು ದುಡದದ’ ಎಂದರು ಕಾಕಾ, ‘ನಿಮ್ಮವು ಬರೇ ಕುಂತಾವ.’ ಭಾನುವಾರ ನಾನು ಗಡ್ಡ ತೆಗೆದುಕೊಳ್ಳುವುದು ಅದರಿಂದಲೇ. ಮೊದಲ ತಿಂಗಳು ಗದ್ದದ ಮೇಲೆ ಮೂರು ಕಡೆ ಪಟಿಕ ಹಚ್ಚಿಕೊಂಡು ಆಫೀಸಿಗೆ ಹೋದೆ. ಯಾರೋ ಬೆಕ್ಕು ಸಾಕಿದ್ದೀರಾ ಎಂದು ಕೇಳಿದರು.

ಬೆಂಗಳೂರಿನ ಆ ಗೆಳೆಯನಿಗೆ ಇನ್ನೂ ಹೇಳಿಲ್ಲ. ಅವನು ಈ ಅಂಕಣ ತಪ್ಪದೆ ಓದುತ್ತಾನೆ, ಹಾಗಾಗಿ ಈಗ ಹೇಳಿದಂತಾಯಿತು.

ಕಳಿಸುವ ಮೊದಲು ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಓದಿದೆ. ಹಾಸ್ಟೆಲ್ಲಿನ ಭಾಗಕ್ಕೆ ಸುಮ್ಮನಿದ್ದರು. ಕೇರಿಯ ಭಾಗಕ್ಕೂ ಸುಮ್ಮನಿದ್ದರು. ತೆಗೆಯಲಿ ಎಂದರೆ ತೆಗೆಯುತ್ತೇನೆ ಎಂದೆ. ಬೇಡ ಎಂದರು. ಆಯದ ಲೆಕ್ಕದ ಹತ್ತಿರ ಮಾತ್ರ ನಿಲ್ಲಿಸಿದರು.

‘ಎಂಟ ಸೇರ ಅಂತ ಬರದೀಯಲ್ಲ. ಮಾತ ಆಗಿದ್ದು ಎಂಟ. ಕೊಡ್ತಿದ್ದದ್ದು ನಾಕ. ಅದನ್ನ ಬರಿ.’